ಇನ್ಸುಲಿನ್‌ಗೆ ತಂಪು ಬೇಕು, ಐಸ್ ಬೇಡ

ಪ್ರಶ್ನೆ: ನಮ್ಮ ಅಮ್ಮನಿಗೆ 67 ವರ್ಷ. ಸಕ್ಕರೆ ಕಾಯಿಲೆಗೆ ಕೆಲವು ವರ್ಷಗಳಿಂದ 30/70 ಹ್ಯೂಮನ್ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ. ಇನ್ಸುಲಿನ್ ಪೆನ್‌ನಲ್ಲಿ ಬೆಳಿಗ್ಗೆ 20 ಯೂನಿಟ್, ರಾತ್ರಿ 16. ಬರುವ ಮೇ ತಿಂಗಳಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿರುವ ಅಣ್ಣನ ಮನೆಗೆ ಮೂರು ತಿಂಗಳ ಮಟ್ಟಿಗೆ ಹೊರಟಿದ್ದಾರೆ. ದಾವಣಗೆರೆಯಿಂದ ಬೆಂಗಳೂರಿಗೆ ಕಾರಿನಲ್ಲಿ, ಅಲ್ಲಿಂದ ದುಬೈ ಮೂಲಕ ವಿಮಾನ. ಅಷ್ಟು ಹೊತ್ತು ಇನ್ಸುಲಿನ್ ಕೆಡದಂತೆ ಇಡುವುದು ಹೇಗೆ? ಪಕ್ಕದ ಮನೆಯವರು ಥರ್ಮಾಸ್‌ಗೆ ಐಸ್ ತುಂಬಿ ಅದರಲ್ಲಿ ಹಾಕಿ ಎನ್ನುತ್ತಾರೆ. ಸೂಟ್‌ಕೇಸಿಗೆ ಹಾಕಬಹುದೆ? ವಿಮಾನದ ಫ್ರಿಜ್‌ನಲ್ಲಿ ಇಡಲು ಕೇಳಬಹುದೆ? ಸೆಕ್ಯೂರಿಟಿಯಲ್ಲಿ ಕಿತ್ತುಕೊಂಡರೆ ಏನು ಗತಿ?
— ಓದುಗರು, ದಾವಣಗೆರೆ

ಉತ್ತರ: ಪಕ್ಕದ ಮನೆಯವರ ಸಲಹೆಯನ್ನು ದಯವಿಟ್ಟು ಕೈಬಿಡಿ. ಐಸ್ ತುಂಬಿದ ಥರ್ಮಾಸ್‌ನಲ್ಲಿ ಇನ್ಸುಲಿನ್ ಕಳಿಸುವುದಕ್ಕಿಂತ, ತಂಪಿನ ಯಾವ ವ್ಯವಸ್ಥೆಯೂ ಇಲ್ಲದೆ ಹ್ಯಾಂಡ್‌ಬ್ಯಾಗಿನಲ್ಲಿ ಒಯ್ಯುವುದು ಎಷ್ಟೋ ಕ್ಷೇಮ. ನಿಮ್ಮ ತಾಯಿಯವರದು ಮನೆ ಬಾಗಿಲಿಂದ ಮನೆ ಬಾಗಿಲಿಗೆ ಸುಮಾರು ಒಂದೂವರೆ ದಿನದ ಪ್ರಯಾಣ. ಒಂದೂವರೆ ದಿನದ ಸೆಕೆಯನ್ನು ಇನ್ಸುಲಿನ್ ತಡೆದುಕೊಳ್ಳುತ್ತದೆ. ಅರ್ಧ ಗಂಟೆ ಹೆಪ್ಪುಗಟ್ಟಿದರೆ ತಡೆದುಕೊಳ್ಳುವುದಿಲ್ಲ.

ಕಾರಣ ಹೇಳುತ್ತೇನೆ. ಇನ್ಸುಲಿನ್ ಒಂದು ಪ್ರೋಟೀನ್. ಬಿಸಿಯಲ್ಲಿ ಅದು ನಿಧಾನವಾಗಿ, ದಿನಗಳ ಲೆಕ್ಕದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಹೆಪ್ಪುಗಟ್ಟಿದರೆ ಮಾತ್ರ ಅದರ ರಚನೆಯೇ ಕೆಡುತ್ತದೆ, ಮತ್ತೆ ಕರಗಿಸಿದರೂ ಮೊದಲಿನಂತಾಗುವುದಿಲ್ಲ. ನಿಮ್ಮ ತಾಯಿಯವರ 30/70 ಇನ್ಸುಲಿನ್‌ನಲ್ಲಿ 70 ಪಾಲು ಇರುವುದು ನಿಧಾನವಾಗಿ ಕೆಲಸ ಮಾಡುವ ಭಾಗ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಕಾರ್ಟ್ರಿಜ್, ಅಂದರೆ ಪೆನ್‌ನೊಳಗೆ ಹಾಕುವ ಇನ್ಸುಲಿನ್ ತುಂಬಿದ ಗಾಜಿನ ಕೊಳವೆ, ಮಜ್ಜಿಗೆ ಬಣ್ಣಕ್ಕಿರುವುದು ಅದಕ್ಕೇ. ಹೆಪ್ಪುಗಟ್ಟಿ ಕರಗಿದಾಗ ಈ ಹರಳುಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಆಮೇಲೆ ಪೆನ್‌ನಲ್ಲಿ 20 ಯೂನಿಟ್ ತಿರುಗಿಸಿದರೂ ಮೈಗೆ ಹೋಗುವುದು 20 ಯೂನಿಟ್ ಎಂದು ಯಾರೂ ಹೇಳಲಾರರು. ಒಂದು ದಿನ ಶುಗರ್ 350 ತೋರಿಸಬಹುದು, ಇನ್ನೊಂದು ದಿನ ಬೆವರಿ ನಡುಗುವಷ್ಟು ಇಳಿಯಬಹುದು.

ಇಂಥ ಕಾರ್ಟ್ರಿಜ್ ಹೇಗಿರುತ್ತದೆ ಎಂದು ಮನೆಯವರೆಲ್ಲ ತಿಳಿದಿರಬೇಕು. ವಿದೇಶದಿಂದ ಮಕ್ಕಳು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಫೋಟೋಗಳಲ್ಲಿ ನಾನು ನೋಡುವುದು ಸಾಮಾನ್ಯವಾಗಿ ಹೀಗಿರುತ್ತದೆ: ಅಂಗೈಗಳ ನಡುವೆ ಎಷ್ಟು ಉರುಳಿಸಿದರೂ ದ್ರವ ಒಂದೇ ಸಮ ಬೆಳ್ಳಗಾಗುವುದಿಲ್ಲ, ತಳದಲ್ಲಿ ಬಿಳಿ ಚೂರುಗಳು ಉಳಿದಿರುತ್ತವೆ, ಗಾಜಿನ ಒಳಗೋಡೆಗೆ ಮಂಜು ಕವಿದಂತೆ ತೆಳ್ಳನೆ ಬಿಳಿ ಪದರ ಹಿಡಿದಿರುತ್ತದೆ. ವಿಚಾರಿಸಿದರೆ ಫ್ರೀಜರ್‌ನಿಂದ ತೆಗೆದ ಜೆಲ್ ಪ್ಯಾಕಿಗೆ ಕಾರ್ಟ್ರಿಜ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿರುತ್ತಾರೆ. ಮನೆಯ ಫ್ರೀಜರ್‌ನ ಒಳಗೆ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗಿರುತ್ತದೆ. ಅಲ್ಲಿಂದ ಆಗತಾನೆ ಹೊರಬಂದ ಪ್ಯಾಕ್ ತನಗೆ ತಾಗಿದ್ದನ್ನು ಹೆಪ್ಪುಗಟ್ಟಿಸಬಲ್ಲದು. 3 ಎಂಎಲ್ ಕಾರ್ಟ್ರಿಜ್ ಅದಕ್ಕೆ ಯಾವ ಲೆಕ್ಕ? ಪ್ರೀತಿಯಿಂದ ಮಾಡಿದ ಎಚ್ಚರಿಕೆಯೇ ಔಷಧಿಯನ್ನು ಹಾಳು ಮಾಡುವುದನ್ನು ಕಂಡಾಗ ಸಂಕಟವಾಗುತ್ತದೆ.

ಇನ್ನು ಬಿಸಿಯ ವಿಷಯ. ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಬಳಕೆಗೆ ತೆಗೆದದ್ದನ್ನು 30 ಡಿಗ್ರಿಯೊಳಗೆ ಇಟ್ಟುಕೊಂಡು ನಾಲ್ಕು ವಾರದಲ್ಲಿ ಮುಗಿಸಬೇಕು ಎಂಬುದು ಹೆಚ್ಚಿನ ಇನ್ಸುಲಿನ್‌ಗಳ ಡಬ್ಬಿಯಲ್ಲಿರುವ ನಿಯಮ. ನಿಮ್ಮದರಲ್ಲಿ ಏನಿದೆ ಎಂದು ಒಳಗಿನ ಕರಪತ್ರ ಬಿಡಿಸಿ ಓದಿ, ಏಕೆಂದರೆ ಒಂದೊಂದು ಇನ್ಸುಲಿನ್‌ಗೂ ದಿನದ ಲೆಕ್ಕ ಬೇರೆ. ಟ್ರೆಸಿಬಾಗೆ ಎಂಟು ವಾರ, ಲ್ಯಾಂಟಸ್‌ಗೆ ನಾಲ್ಕೇ ವಾರ. ನಿಯಮ ಬಿಗಿಯಾಗಿಯೇ ಇರಲಿ. ಆದರೆ ಫ್ರಿಜ್‌ನಿಂದ ಹೊರಗಿಟ್ಟ ಮರುಗಳಿಗೆ ಇನ್ಸುಲಿನ್ ವಿಷವಾಗುತ್ತದೆ ಎಂಬ ಭಯ ಬೇಡ. ಕೀನ್ಯಾದ ದದಾಬ್ ನಿರಾಶ್ರಿತರ ಶಿಬಿರದಲ್ಲಿ ಮನೆಗಳಲ್ಲಿ ಫ್ರಿಜ್ ಇಲ್ಲ, ಹಗಲು ರಾತ್ರಿಯ ನಡುವೆ ತಾಪಮಾನ 25ರಿಂದ 37 ಡಿಗ್ರಿಯವರೆಗೆ ಏರಿಳಿಯುತ್ತದೆ. ಗಡಿಯಿಲ್ಲದ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯ ಸೇರಿ ಅದೇ ಏರಿಳಿತದಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್ ಅನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದವು. ಫ್ರಿಜ್‌ನಲ್ಲಿಟ್ಟದ್ದಕ್ಕೂ ಅದಕ್ಕೂ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯೂ ತೆರೆಯದ ಹ್ಯೂಮನ್ ಇನ್ಸುಲಿನ್ 25 ಡಿಗ್ರಿಯಲ್ಲಿ ಆರು ತಿಂಗಳವರೆಗೆ, 37ರಲ್ಲಿ ಎರಡು ತಿಂಗಳವರೆಗೆ ತನ್ನ ಶಕ್ತಿ ಉಳಿಸಿಕೊಳ್ಳುತ್ತದೆ ಎಂದಿತು. ಇದನ್ನು ಹೇಳುತ್ತಿರುವುದು ಮನೆಯಲ್ಲಿ ಫ್ರಿಜ್ ಬಿಟ್ಟುಬಿಡಿ ಎಂದಲ್ಲ. ದುಬೈನಲ್ಲಿ ವಿಮಾನ ನಾಲ್ಕು ಗಂಟೆ ತಡವಾದರೆ ತಾಯಿಯವರು ಗಾಬರಿಯಾಗಿ ಅಂಗಡಿಯಿಂದ ಐಸ್ ಕೇಳಿ ತಂದು ಚೀಲಕ್ಕೆ ಸುರಿಯಬಾರದು ಎಂದು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ದಿನಕ್ಕೆ 36 ಯೂನಿಟ್. ಪ್ರತಿ ಸಲ ಚುಚ್ಚುವ ಮೊದಲು ಸೂಜಿಯ ತುದಿಯಲ್ಲಿ ಹನಿ ಬರುವಂತೆ 2 ಯೂನಿಟ್ ಹೊರಬಿಡಬೇಕು, ಅದೂ ಸೇರಿ 40. ತೊಂಬತ್ತು ದಿನಕ್ಕೆ 3,600 ಯೂನಿಟ್. ಒಂದು ಕಾರ್ಟ್ರಿಜ್‌ನಲ್ಲಿ 300 ಯೂನಿಟ್ ಇರುವುದರಿಂದ 12 ಬೇಕು. ಒಡೆದರೆ, ಕಳೆದರೆ, ಡೋಸ್ ಹೆಚ್ಚಾದರೆ ಎಂದು ಮೂರು ಸೇರಿಸಿ 15 ಒಯ್ಯಿರಿ, ಅಂದರೆ ಐದರ ಮೂರು ಬಾಕ್ಸ್. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಬಿಡಿ ಕಾರ್ಟ್ರಿಜ್ ಕತ್ತರಿಸಿ ಕೊಡುವುದುಂಟು. ಈ ಸಲ ಬೇಡ, ಸೀಲ್ ಇರುವ ಪೂರ್ತಿ ಬಾಕ್ಸ್ ಮತ್ತು ತಾಯಿಯವರ ಹೆಸರಿನ ಬಿಲ್ ಕೇಳಿ. ಅಂಗಡಿಯವರು ಅದನ್ನು ಫ್ರಿಜ್‌ನಿಂದಲೇ ತೆಗೆದುಕೊಟ್ಟರೇ ನೋಡಿ. ಕೌಂಟರ್ ಮೇಲೆ ಬಿಸಿಲು ಬೀಳುವ ಕಡೆ ಇಟ್ಟಿದ್ದನ್ನು ತೆಗೆದುಕೊಂಡರೆ ಮುಂದೆ ನೀವು ಎಷ್ಟು ಜೋಪಾನ ಮಾಡಿಯೂ ಪ್ರಯೋಜನವಿಲ್ಲ. ಎಕ್ಸ್‌ಪೈರಿ ದಿನಾಂಕ ಅವರು ಊರಿಗೆ ಮರಳುವ ದಿನಕ್ಕಿಂತ ಕೆಲವು ತಿಂಗಳು ಆಚೆ ಇರಲಿ.

ಈ ಹದಿನೈದರಲ್ಲಿ ಎಲ್ಲಕ್ಕೂ ತಂಪು ಬೇಕಾಗಿಲ್ಲ ಎಂಬುದನ್ನು ಗಮನಿಸಿ. ಒಂದು ಕಾರ್ಟ್ರಿಜ್ ಅವರಿಗೆ ಏಳೂವರೆ ದಿನ ಬರುತ್ತದೆ. ಪೆನ್‌ನಲ್ಲಿರುವುದು ಮತ್ತು ಇನ್ನೆರಡು, ಈ ಮೂರೂ ನಾಲ್ಕು ವಾರದೊಳಗೆ ಹೇಗೂ ಖಾಲಿಯಾಗುತ್ತವೆ. ಅವು 30 ಡಿಗ್ರಿಯೊಳಗೆ ಇದ್ದರಾಯಿತು, ಪರ್ಸಿನಲ್ಲೇ ಇರಲಿ. ತಂಪು ಬೇಕಾದದ್ದು ಉಳಿದ ಹನ್ನೆರಡಕ್ಕೆ.

ಅದಕ್ಕೆ ನಾನು ಸೂಚಿಸುವುದು ನೀರಿನಲ್ಲಿ ನೆನೆಸುವ ಬಟ್ಟೆಯ ಚೀಲ. ಫ್ರಿಯೊ ಎಂಬ ಹೆಸರಿನದು ಹಳೆಯದು, ಅದೇ ತತ್ವದ ಬೇರೆಯವೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಬಟ್ಟೆಯ ಪದರಗಳ ನಡುವೆ ಹರಳಿನಂಥ ಪುಡಿ ಹೊಲಿದಿರುತ್ತಾರೆ. ತಣ್ಣೀರಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿದರೆ ಪುಡಿ ನೀರು ಕುಡಿದು ಉಬ್ಬಿ ಜೆಲ್ ಆಗುತ್ತದೆ. ಆ ನೀರು ಮೆಲ್ಲಗೆ ಆವಿಯಾಗುತ್ತ ಒಳಗಿನದನ್ನು ತಂಪಾಗಿಡುತ್ತದೆ. ನಮ್ಮ ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಹೀಗೇ. ಹೊರಗೆ ಸುಮಾರು 38 ಡಿಗ್ರಿ ಇದ್ದರೂ 45 ಗಂಟೆ ಒಳಗಿನದು 26 ಡಿಗ್ರಿ ಮೀರದು ಎನ್ನುತ್ತಾರೆ ಫ್ರಿಯೊ ತಯಾರಕರು. ನಿಮ್ಮ ಪ್ರಯಾಣಕ್ಕೆ ಧಾರಾಳವಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಇದು ಎಂದಿಗೂ ಹೆಪ್ಪುಗಟ್ಟಿಸುವುದಿಲ್ಲ.

ಆದರೆ ಗಾಳಿ ತಾಗದಿದ್ದರೆ ಇದು ಕೆಲಸ ಮಾಡದು. ಬಹಳ ಜನ ನೆನೆಸಿದ ಚೀಲವನ್ನು ಬ್ಯಾಗ್ ಒದ್ದೆಯಾದೀತೆಂದು ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಸೀರೆಗಳ ಅಡಿ ತುರುಕುತ್ತಾರೆ. ಅಲ್ಲಿಗೆ ಆವಿಯಾಗುವುದು ನಿಂತಿತು, ತಂಪೂ ನಿಂತಿತು. ಹ್ಯಾಂಡ್‌ಬ್ಯಾಗಿನ ಮೇಲ್ಭಾಗದಲ್ಲಿ, ಜಿಪ್ ಸ್ವಲ್ಪ ತೆರೆದು ಇಡಿ. ಹೊರಭಾಗವನ್ನು ಟವೆಲ್‌ನಿಂದ ಚೆನ್ನಾಗಿ ಒತ್ತಿ ಒರೆಸಿದರೆ ಬ್ಯಾಗ್ ಅಷ್ಟಾಗಿ ಒದ್ದೆಯಾಗದು. ಬಾಕ್ಸ್ ಸಮೇತ ಹಿಡಿಸುವ ದೊಡ್ಡ ಅಳತೆಯ ಚೀಲವೇ ಕೊಳ್ಳಿ. ಕರಾವಳಿಯವರು, ಸಿಂಗಪುರಕ್ಕೋ ಕೊಲಂಬೊಕ್ಕೋ ಹೋಗುವವರು ನೆನಪಿಡಬೇಕಾದದ್ದು ಬೇರೆ: ಗಾಳಿಯಲ್ಲೇ ತೇವ ಹೆಚ್ಚಿದ್ದಾಗ ಈ ಚೀಲದ ತಂಪು ಕಡಿಮೆಯಾಗುತ್ತದೆ. ಅಂಥವರಿಗೆ ದಪ್ಪ ಹೊದಿಕೆಯ ಇನ್ಸುಲಿನ್ ಬ್ಯಾಗ್ ಮತ್ತು ಜೆಲ್ ಪ್ಯಾಕ್ ಒಳ್ಳೆಯದು. ಆದರೆ ಆ ಪ್ಯಾಕ್ ಫ್ರೀಜರ್‌ನಿಂದಲ್ಲ, ಫ್ರಿಜ್‌ನ ಕೆಳಗಿನ ತಟ್ಟೆಯಿಂದ ತೆಗೆದದ್ದಾಗಿರಬೇಕು. ಕಾರ್ಟ್ರಿಜ್‌ಗೂ ಅದಕ್ಕೂ ನಡುವೆ ಮಡಿಸಿದ ಟವೆಲ್ ಇರಬೇಕು.

ದಾರಿಯಲ್ಲಿ ಇನ್ಸುಲಿನ್‌ಗೆ ಅತಿ ಕಷ್ಟದ ಹೊತ್ತು ಯಾವುದು ಗೊತ್ತೆ? ವಿಮಾನವಲ್ಲ, ದಾವಣಗೆರೆಯಿಂದ ಬೆಂಗಳೂರಿನವರೆಗಿನ ಕಾರು. ಮೇ ತಿಂಗಳ ಬಿಸಿಲಲ್ಲಿ ಡಿಕ್ಕಿಗೆ ಎಸಿ ಗಾಳಿ ಹೋಗುವುದಿಲ್ಲ. ದಾರಿಯಲ್ಲಿ ಊಟಕ್ಕೆ ಇಳಿದು ಕಾರನ್ನು ಬಿಸಿಲಲ್ಲಿ ನಿಲ್ಲಿಸಿದಿರೆನ್ನಿ, ಅರ್ಧ ಗಂಟೆಯಲ್ಲಿ ಒಳಗೆ 50 ಡಿಗ್ರಿ ದಾಟುತ್ತದೆ. ಆದ್ದರಿಂದ ಇನ್ಸುಲಿನ್ ಚೀಲ ತಾಯಿಯವರ ಪಕ್ಕದ ಸೀಟಿನಲ್ಲಿರಲಿ, ಅವರು ಇಳಿದಾಗ ಅವರೊಂದಿಗೇ ಇಳಿಯಲಿ. ಡ್ಯಾಶ್‌ಬೋರ್ಡ್, ಕಿಟಕಿ ಪಕ್ಕ, ಗ್ಲೋವ್ ಬಾಕ್ಸ್ ಮೂರೂ ಬೇಡ. ಎಸಿ ಗಾಳಿ ನೇರ ಬಡಿಯುವ ಜಾಗವೂ ಬೇಡ.

ಸೂಟ್‌ಕೇಸಿಗೆ ಹಾಕಬಹುದೆ ಎಂದು ಕೇಳಿದ್ದೀರಿ. ಒಂದೇ ಒಂದು ಕಾರ್ಟ್ರಿಜ್ ಕೂಡ ಬೇಡ. ಸಾಮಾನು ತುಂಬುವ ಜಾಗದಲ್ಲಿ ಎಷ್ಟು ಚಳಿ ಇರುತ್ತದೆಂಬ ಖಾತ್ರಿ ಇಲ್ಲ, ದುಬೈನ ಬಿಸಿಲಲ್ಲಿ ಟ್ರಾಲಿಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆಂಬುದೂ ಗೊತ್ತಿರುವುದಿಲ್ಲ. ಅದಕ್ಕೂ ಮಿಗಿಲಾಗಿ, ಬೇರೆ ಊರು ಸೇರಿದ ಸೂಟ್‌ಕೇಸ್ ಮೂರು ದಿನ ಬಿಟ್ಟು ಬಂದರೆ ಬಟ್ಟೆಗೆ ಕಾಯಬಹುದು, ಇನ್ಸುಲಿನ್‌ಗೆ ಕಾಯಲಾಗದು. ಜೊತೆಯಲ್ಲಿ ನಿಮ್ಮ ತಂದೆಯವರೋ ಇನ್ಯಾರೋ ಹೋಗುತ್ತಿದ್ದರೆ ಅರ್ಧ ಅವರ ಹ್ಯಾಂಡ್‌ಬ್ಯಾಗಿನಲ್ಲಿರಲಿ. ಎರಡನೇ ಪೆನ್, ಸೂಜಿಗಳು, ಗ್ಲುಕೋಮೀಟರ್ ಕೂಡ ಕೈಯಲ್ಲೇ ಇರಬೇಕು. ಸ್ಟ್ರಿಪ್‌ಗಳನ್ನು ಮಾತ್ರ ತಂಪಿನ ಚೀಲಕ್ಕೆ ಹಾಕಬೇಡಿ, ತೇವ ತಾಗಿದರೆ ತಪ್ಪು ಅಂಕಿ ತೋರಿಸುತ್ತವೆ. ಮೂರು ತಿಂಗಳಿಗೆ ಸಾಕಾಗುವಷ್ಟು ಸ್ಟ್ರಿಪ್ ಇಲ್ಲಿಂದಲೇ ಒಯ್ಯಿರಿ, ಇಲ್ಲಿಯ ಮೀಟರಿನ ಸ್ಟ್ರಿಪ್ ಅಲ್ಲಿ ಸಿಗದಿರಬಹುದು.

ಸೆಕ್ಯೂರಿಟಿಗೆ ಹೆದರುವ ಕಾರಣವಿಲ್ಲ. 100 ಎಂಎಲ್ ಮೀರಿದ ದ್ರವ ಬಿಡುವುದಿಲ್ಲ ಎಂಬ ನಿಯಮದಿಂದ ಔಷಧಿಗೆ ವಿನಾಯಿತಿ ಇದೆ, ಕಾರ್ಟ್ರಿಜ್ ಅಂತೂ 3 ಎಂಎಲ್ ಮಾತ್ರ. ನಿಮ್ಮ ವೈದ್ಯರಿಂದ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನ ಪತ್ರ ಬರೆಸಿ. ಅದರಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ತಾಯಿಯವರ ಹೆಸರು, ಇನ್ಸುಲಿನ್‌ನ ಜೆನೆರಿಕ್ ಹೆಸರು, ದಿನದ ಡೋಸ್, ಸೂಜಿ ಮತ್ತು ಬೆರಳು ಚುಚ್ಚುವ ಲ್ಯಾನ್ಸೆಟ್ ಜೊತೆಗಿರಬೇಕೆಂಬ ಮಾತು, ತಂಪಿನ ಚೀಲ ಅಗತ್ಯವೆಂಬ ಮಾತು, ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ ಇರಲಿ. ತಪಾಸಣೆಯವರು ಕೇಳುವ ಮೊದಲೇ ಚೀಲ ಹೊರತೆಗೆದು «ಇನ್ಸುಲಿನ್» ಎಂದು ಹೇಳಿಬಿಡಲಿ. ಆ ಪದ ಎಲ್ಲ ದೇಶದಲ್ಲೂ ಅರ್ಥವಾಗುತ್ತದೆ, ತಾಯಿಯವರಿಗೆ ಇಂಗ್ಲಿಷ್ ಬಾರದಿದ್ದರೂ ಅಡ್ಡಿಯಿಲ್ಲ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಔಷಧಿಯ ಜೊತೆಗಿನ ಜೆಲ್ ಪ್ಯಾಕನ್ನೂ ಬಿಡುತ್ತಾರೆ. ಸಾಮಾನಿನ ಎಕ್ಸ್‌ರೇ ಯಂತ್ರದಿಂದ ಇನ್ಸುಲಿನ್‌ಗೆ ಏನೂ ಆಗದು. ಅಮೆರಿಕದಲ್ಲಿ ಸ್ವಂತ ಬಳಕೆಗೆ ಸುಮಾರು ಮೂರು ತಿಂಗಳ ಔಷಧಿ ತರುವುದು ರೂಢಿಯ ಮಿತಿ. ನಿಮ್ಮ ಹದಿನೈದು ಕಾರ್ಟ್ರಿಜ್ ಅದಕ್ಕೆ ಸರಿಹೊಂದುತ್ತದೆ. ಆರು ತಿಂಗಳಿಗೆ ಹೋಗುವವರು ಉಳಿದದ್ದನ್ನು ಅಲ್ಲಿ ಹೇಗೆ ಪಡೆಯುವುದೆಂದು ಹೊರಡುವ ಮೊದಲೇ ಮಕ್ಕಳ ಜೊತೆ ಮಾತಾಡಿಕೊಳ್ಳಬೇಕು.

ವಿಮಾನದೊಳಗೆ ಸಾಮಾನ್ಯವಾಗಿ 20ರಿಂದ 24 ಡಿಗ್ರಿ ಇರುತ್ತದೆ. ಇನ್ಸುಲಿನ್‌ಗೆ ಅದೇ ಹಿತವಾದ ಜಾಗ. ಸಿಬ್ಬಂದಿಯ ಕೈಗೆ ಕೊಟ್ಟು ಫ್ರಿಜ್‌ನಲ್ಲಿಡಿ ಎನ್ನಬೇಡಿ. ಅವರು ಒಳ್ಳೆಯ ಮನಸ್ಸಿನಿಂದಲೇ ಐಸ್ ಇರುವ ಡ್ರಾಯರ್‌ಗೆ ಹಾಕಬಹುದು, ಇಳಿಯುವ ಗಡಿಬಿಡಿಯಲ್ಲಿ ಎರಡೂ ಕಡೆಯವರು ಮರೆಯಲೂಬಹುದು. ಸೀಟಿನ ಕೆಳಗಿನ ಬ್ಯಾಗಿನಲ್ಲಿರಲಿ. ಎತ್ತರದಲ್ಲಿ ಗಾಳಿಯ ಒತ್ತಡ ಬದಲಾಗುವುದರಿಂದ ಪೆನ್‌ಗೆ ಸೂಜಿ ಸಿಕ್ಕಿಸಿಯೇ ಇಟ್ಟರೆ ಇನ್ಸುಲಿನ್ ಸೋರುತ್ತದೆ, ಇಲ್ಲವೇ ಗಾಳಿಗುಳ್ಳೆ ಸೇರಿಕೊಳ್ಳುತ್ತದೆ. ಚುಚ್ಚಿದ ಕೂಡಲೇ ಸೂಜಿ ತೆಗೆಯಬೇಕು. 30/70 ಇನ್ಸುಲಿನ್ ಅನ್ನು ಮನೆಯಲ್ಲಿ ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುತ್ತಾರಲ್ಲ, ವಿಮಾನದಲ್ಲಿ ಹಾಗೆ ಮಾಡಬೇಡಿ. ಊಟದ ಟ್ರೇ ಎದುರಿಗೆ ಬಂದ ಮೇಲೆಯೇ ಚುಚ್ಚಿಕೊಳ್ಳಲಿ. ವಿಮಾನ ಕುಲುಕಾಡಿ ಊಟ ಬಡಿಸುವುದು ನಿಂತರೆ, ಇನ್ಸುಲಿನ್ ಮೈಯಲ್ಲಿದ್ದು ಹೊಟ್ಟೆ ಖಾಲಿ ಇದ್ದರೆ ಶುಗರ್ ಇಳಿಯುತ್ತದೆ. ಅರ್ಧ ಗಂಟೆ ತಡವಾಗಿ ಶುಗರ್ ಸ್ವಲ್ಪ ಏರಿದರೆ ಅಂಥ ನಷ್ಟವಿಲ್ಲ. ಗ್ಲುಕೋಸ್ ಪುಡಿ, ಬಿಸ್ಕತ್ತು ಸೀಟಿನ ಮುಂದಿನ ಜೇಬಿನಲ್ಲೇ ಇರಲಿ.

ಡಲ್ಲಾಸ್ ತಲುಪಿದ ಮೇಲೆ ಅಣ್ಣನಿಗೆ ಕೆಲವು ಕೆಲಸಗಳಿವೆ. ಫ್ರಿಜ್‌ನ ನಡುವಿನ ತಟ್ಟೆಯಲ್ಲಿ ಮುಂಭಾಗಕ್ಕೆ ಬಾಕ್ಸ್‌ಗಳನ್ನು ಇಡಬೇಕು. ಅಲ್ಲಿಯ ದೊಡ್ಡ ಫ್ರಿಜ್‌ಗಳಲ್ಲಿ ಹಿಂಗೋಡೆಯ ಕಿಂಡಿಯಿಂದ ತಣ್ಣನೆ ಗಾಳಿ ಬರುತ್ತದೆ, ಅಲ್ಲಿ ತಾಗಿಸಿ ಇಟ್ಟರೆ ಹೆಪ್ಪುಗಟ್ಟಬಹುದು. ಒಂದು ಸಣ್ಣ ಫ್ರಿಜ್ ಥರ್ಮಾಮೀಟರ್ ಪಕ್ಕದಲ್ಲಿಟ್ಟರೆ ಊಹೆಯ ಮಾತೇ ಇರದು. ಜೂನ್, ಜುಲೈನಲ್ಲಿ ಡಲ್ಲಾಸ್ ಬಿಸಿಲು ನಮ್ಮ ಬಯಲುಸೀಮೆಯ ಬೇಸಿಗೆಯನ್ನು ನೆನಪಿಸುತ್ತದೆ. ಶನಿವಾರ ಭಾನುವಾರ ತಿರುಗಾಡಲು ಹೋದಾಗ ಪೆನ್ ಕಾರಿನಲ್ಲಿ ಬಿಟ್ಟು ಇಳಿಯುವುದೇ ಅಲ್ಲಿ ಇನ್ಸುಲಿನ್ ಕೆಡುವ ದೊಡ್ಡ ದಾರಿ. ಹೋಟೆಲ್‌ನಲ್ಲಿ ತಂಗಿದಾಗ ರೂಮಿನ ಪುಟ್ಟ ಫ್ರಿಜ್ ನಂಬಬೇಡಿ. ಕೆಲವು ತಣ್ಣಗೇ ಆಗುವುದಿಲ್ಲ, ಕೆಲವು ನೀರಿನ ಬಾಟಲಿಯನ್ನೇ ಗಡ್ಡೆ ಕಟ್ಟಿಸುತ್ತವೆ. ಎರಡು ದಿನದ ಪ್ರವಾಸಕ್ಕೆ ಪೆನ್ ಮತ್ತು ಒಂದು ಕಾರ್ಟ್ರಿಜ್ ಸಾಕು, ಅವಕ್ಕೆ ಎಸಿ ರೂಮೇ ಸಾಕು.

ಪ್ರತಿ ಸಲ ಚುಚ್ಚುವ ಮೊದಲು ಪೆನ್ ಅನ್ನು ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ಮೇಲೆ ಕೆಳಗೆ ತಿರುಗಿಸಿ ನೋಡಲಿ. ಒಂದೇ ಸಮ ಬೆಳ್ಳಗಿದ್ದರೆ ಸರಿ. ಚೂರು, ಎಳೆ, ಗಾಜಿಗೆ ಪದರ ಕಂಡರೆ ಆ ಕಾರ್ಟ್ರಿಜ್ ಬಿಸಾಡಿ, ದುಡ್ಡಿನ ಮುಖ ನೋಡಬೇಡಿ. ಲ್ಯಾಂಟಸ್‌ನಂಥ ತಿಳಿ ಇನ್ಸುಲಿನ್ ಬಳಸುವವರಿಗೆ ಇದು ತಿರುಗುಮುರುಗು, ಅದು ಮಬ್ಬಾದರೆ ಕೆಟ್ಟಿದೆ ಎಂದರ್ಥ. ಬಿಸಿಯಿಂದ ಶಕ್ತಿ ಕುಂದಿದ್ದು ಮಾತ್ರ ಕಣ್ಣಿಗೆ ಕಾಣದು. ಊಟ, ಡೋಸ್ ಎರಡೂ ಸರಿಯಿದ್ದು ಎರಡು ದಿನ ಶುಗರ್ ಏರುತ್ತಲೇ ಹೋದರೆ ಹೊಸ ಕಾರ್ಟ್ರಿಜ್ ಹಾಕಿ ನೋಡಬೇಕು. ಹಳೆಯದರಲ್ಲೇ ಡೋಸ್ ಏರಿಸುತ್ತ ಹೋಗಬಾರದು, ಏಕೆಂದರೆ ಹೊಸದಕ್ಕೆ ಬದಲಿಸಿದ ದಿನ ಆ ಏರಿಸಿದ ಡೋಸ್ ಪೂರ್ತಿ ಕೆಲಸ ಮಾಡುತ್ತದೆ. ವಾಂತಿ, ವಿಪರೀತ ಸುಸ್ತು, ಉಸಿರಾಟದ ತೊಂದರೆ ಜೊತೆಗಿದ್ದರೆ ಕಾಯದೆ ಆಸ್ಪತ್ರೆಗೆ.

ಎಲ್ಲ ಕಳೆದುಹೋದರೂ ದಾರಿ ಇದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಹ್ಯೂಮನ್ ಇನ್ಸುಲಿನ್ ವೈದ್ಯರ ಚೀಟಿ ಇಲ್ಲದೆಯೇ ಸಿಗುತ್ತದೆ. ವಾಲ್‌ಮಾರ್ಟ್ ಫಾರ್ಮಸಿಯಲ್ಲಿ ರಿಲಿಆನ್ ಹೆಸರಿನ ನೊವೊಲಿನ್ ಇನ್ಸುಲಿನ್‌ನ ವಯಲ್, ಅಂದರೆ ಸಿರಿಂಜ್‌ನಿಂದ ಎಳೆದುಕೊಳ್ಳುವ ಸಣ್ಣ ಬಾಟಲಿ, ಸುಮಾರು 25 ಡಾಲರ್. ನಮ್ಮಲ್ಲಿ 30/70 ಎಂದು ಬರೆಯುವುದನ್ನು ಅಲ್ಲಿ 70/30 ಎಂದು ತಿರುಗಿಸಿ ಬರೆಯುತ್ತಾರೆ, ಒಳಗಿರುವುದು ಅದೇ ಪ್ರಮಾಣ. ಆದರೆ ವಯಲ್ ಮತ್ತು ಸಿರಿಂಜ್ ಬಳಸುವ ಎಲ್ಲರೂ ಒಂದು ವಿಷಯ ಗಟ್ಟಿಯಾಗಿ ನೆನಪಿಡಬೇಕು. ನಮ್ಮಲ್ಲಿ ಮಾರುವ ವಯಲ್‌ಗಳಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಅಮೆರಿಕದ ವಯಲ್‌ನಲ್ಲಿ ಒಂದು ಎಂಎಲ್‌ಗೆ 100 ಯೂನಿಟ್, ಅದಕ್ಕೆ ಕಿತ್ತಳೆ ಮುಚ್ಚಳದ್ದು. ಊರಿಂದ ಒಯ್ದ ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ ಅಲ್ಲಿಯ ಇನ್ಸುಲಿನ್ ಅನ್ನು 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಪ್ರಾಣಕ್ಕೆ ಎರವಾಗುವ ಪ್ರಮಾಣ ಅದು. ಅಲ್ಲಿಯ ಇನ್ಸುಲಿನ್‌ಗೆ ಅಲ್ಲಿಯ ಸಿರಿಂಜ್, ಇಲ್ಲಿಯ ವಯಲ್‌ಗೆ ಇಲ್ಲಿಯ ಸಿರಿಂಜ್. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಲೇಬೇಡಿ. ಪೆನ್ ಕಾರ್ಟ್ರಿಜ್ ಇಲ್ಲಿಯದೂ 100 ಯೂನಿಟ್‌ನದೇ ಆದ್ದರಿಂದ ತಾಯಿಯವರು ಪೆನ್ ಬಳಸುವಷ್ಟು ಕಾಲ ಈ ಗೊಂದಲ ಬರುವುದಿಲ್ಲ.

ಕೊನೆಯದಾಗಿ, ಹೊರಡುವ ಎರಡು ವಾರ ಮೊದಲು ಅವರ ವೈದ್ಯರನ್ನು ಕಂಡು ಪ್ರಯಾಣದ ದಿನದ ಡೋಸ್ ಬರೆಸಿಕೊಳ್ಳಿ. ಬೇಸಿಗೆಯಲ್ಲಿ ಡಲ್ಲಾಸ್ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದಿರುತ್ತದೆ. ಪಶ್ಚಿಮಕ್ಕೆ ಹೋಗುವಾಗ ಅವರ ದಿನ ಅಷ್ಟು ಉದ್ದವಾಗುತ್ತದೆ, ನಡುವೆ ಒಂದು ಊಟ ಹೆಚ್ಚಾಗುತ್ತದೆ. ಆ ಊಟಕ್ಕೆ ಎಷ್ಟು ಯೂನಿಟ್, ಶುಗರ್ ಎಷ್ಟಿದ್ದರೆ ಬೇಡ ಎಂಬುದನ್ನು ಅವರ ಮೂತ್ರಪಿಂಡ, ಹೃದಯದ ಸ್ಥಿತಿ ತಿಳಿದವರೇ ಹೇಳಬೇಕು, ನಾನು ಇಲ್ಲಿಂದ ಹೇಳುವುದು ಸರಿಯಲ್ಲ. ಟಿಕೆಟ್‌ನ ಪ್ರತಿ ತೋರಿಸಿ, ಎರಡೂ ಊರಿನ ಗಂಟೆ ಹಾಕಿ ಕನ್ನಡದಲ್ಲೇ ಒಂದು ಚೀಟಿ ಮಾಡಿಸಿ ತಾಯಿಯವರ ಪರ್ಸಿನಲ್ಲಿಡಿ. ಹಿಂತಿರುಗುವಾಗ ದಿನ ಚಿಕ್ಕದಾಗುವುದರಿಂದ ಆ ಲೆಕ್ಕ ಬೇರೆ, ಅದನ್ನೂ ಈಗಲೇ ಬರೆಸಿಬಿಡಿ.